ಅಟ್ಟೆ ಸವೆದ ಲೆಕ್ಕ

ಅಲೆಕ್ಸಾಂಡ್ರಾ, ಜೊಹಾನ್ಸ್‌ಬರ್ಗಿನ ಹೊರಗೆ, ೧೯೫೭

ನಾನು ನಡೆದವನಲ್ಲ, ಮೊದಲೇ ಹೇಳಿಬಿಡುತ್ತೇನೆ.
ಎಡಗಾಲು ಚಿನ್ನದ ಗಣಿಯಲ್ಲೇ ಉಳಿಯಿತು,
ಮೊಣಕಾಲಿಂದ ಕೆಳಗೆ.
ತಗಡಿನ ಗೂಡಿನಲ್ಲಿ ಕೂತು ಮೆಟ್ಟು ಹೊಲಿಯುತ್ತ
ಮುಖ ನೋಡದೆಯೇ ಮಂದಿಯನ್ನು ಬಲ್ಲೆ:
ಹಿಮ್ಮಡಿ ಒಳಬದಿಗೆ ಸವೆದಿದ್ದರೆ ಭಾರ ಹೊರುವವಳು,
ತುದಿ ಸವೆದಿದ್ದರೆ
ಯಾರು ಯಾವಾಗ ಕರೆದಾರೋ ಎಂದು
ಸದಾ ಓಡಲು ಅಣಿಯಾದ ಮನೆಯಾಳು.
ಎರಡೂ ಸಮ ಇರುವ ಜೋಡು ಈ ಬೀದಿಯಲ್ಲಿ
ನಾನಂತೂ ಕಂಡಿಲ್ಲ.

ಬಸ್ಸಿಗೆ ನಾಲ್ಕು ಪೆನ್ನಿ ಇತ್ತು, ಐದಾಯಿತು.
ಒಂದು ಪೆನ್ನಿ ತಾನೆ, ಎಂದಿತು ಪಟ್ಟಣ.
ಹೌದು, ಅಂಗೈಯಲ್ಲಿಟ್ಟರೆ ತೂಕವೇ ತಿಳಿಯದು.
ಮರುದಿನ ನಸುಕಿಗೆ ಬಸ್ಸುಗಳು ಬಂದು ನಿಂತವು
ದೀಪ ಹೊತ್ತಿಸಿಕೊಂಡು, ಬಾಯಿ ತೆರೆದುಕೊಂಡು.
ಖಾಲಿ ಬಂದವು, ಖಾಲಿ ಹೋದವು.
ಅಝಿಕ್ವೆಲ್ವ, ಅಂದಿತು ಬೀದಿ.
ಹತ್ತುವುದಿಲ್ಲ.
ಹೋಗಲು ಒಂಬತ್ತು ಮೈಲಿ, ಬರಲು ಒಂಬತ್ತು,
ನೆತ್ತಿಯ ಮೇಲೆ ಜನವರಿಯ ಮಳೆ.

ಪೊಲೀಸರು ಸೈಕಲ್ಲುಗಳ ಗಾಳಿ ಬಿಟ್ಟರು.
ದಾರಿಯಲ್ಲಿ ಮುದುಕಿಯರನ್ನು ಹತ್ತಿಸಿಕೊಂಡ ಕಾರು ನಿಲ್ಲಿಸಿ
ತಲೆ ಎಣಿಸಿದರು, ದಂಡ ಬರೆದರು.
ಪಾಸು ಕೇಳಿದರು; ಪಾಸು ಕೊಟ್ಟರೆ
ಪಾಸಿನಲ್ಲಿ ರುಜು ಹುಡುಕಿದರು.
ಗಾಳಿ ಬಿಡಲು ಆಗದೆ ಉಳಿದದ್ದು
ಅಂಗಾಲು ಮಾತ್ರ.

ಇತ್ತ ನನಗೆ ಸುಗ್ಗಿ. ಹೇಳಲು ನಾಚಿಕೆ,
ಆದರೂ ಸುಗ್ಗಿಯೇ.
ಲಾರಿಯ ಹಳೇ ಟಯರು ಕೊಯ್ದು ಕೊಯ್ದು ಉಳಿ ಮೊಂಡಾಯಿತು.
ಮೊಳೆ ತರುವವನು ಬೆಲೆ ಏರಿಸಿದ.
ಮೂರನೇ ವಾರ, ಬಾಗಿಲ ಪಕ್ಕದ ಹಲಗೆಯ ಮೇಲೆ
ಬಳಪದಲ್ಲಿ ನಾನೂ ಒಂದು ಗೆರೆ ಎಳೆದೆ:
ಅಟ್ಟೆಗೆ ಒಂದು ಪೆನ್ನಿ ಹೆಚ್ಚು.

ನೊಮಸೊಂಟೊ ಬಂದಳು, ಬಿಳಿಯರ ಹಾಸುಹೊದಿಕೆ ಒಗೆಯುವವಳು.
ತಲೆಯ ಮೇಲೆ ಗಂಟು, ಇಸ್ತ್ರಿಯ ಬಿಸಿ ಇನ್ನೂ ಆರಿಲ್ಲ.
ಅಕ್ಷರ ಬಾರದವಳಿಗೂ ಆ ಒಂದು ಗೆರೆ ಅರ್ಥವಾಗುತ್ತದೆ.
ಬೈಯಲಿಲ್ಲ. ನಕ್ಕಳು ಎಂದರೂ ತಪ್ಪಾದೀತು.
"ಓ, ನೀನೂ ಬಸ್ಸು ಇಟ್ಟೆಯಾ?" ಅಂದಳು.

ಬಾಯಿಬಿಟ್ಟ ಜೋಡನ್ನು ನನ್ನ ಮಡಿಲಿಂದ ಎತ್ತಿಕೊಂಡು
ಗಂಟಿನ ಮೇಲಿಟ್ಟು
ಬರಿಗಾಲಲ್ಲಿ ಹೊರಟೇಬಿಟ್ಟಳು.
ಒಂಬತ್ತು ಮೈಲಿ ಆ ಹರಿದ ಮೆಟ್ಟು
ಯಾರದೋ ಬೆಳ್ಳನೆ ದಿಂಬಿನ ಚೀಲದ ಮೇಲೆ ಕೂತು
ದೊರೆಯಂತೆ ಪಟ್ಟಣಕ್ಕೆ ಹೋಯಿತು.

ಉಗುಳು ಹಚ್ಚಿ ಹಲಗೆ ಒರೆಸಿದೆ.
ಬಳಪ ಹೋಯಿತು, ಕಲೆ ಹೋಗಲಿಲ್ಲ.
ಎರಡು ದಿನ ಅವಳ ಸುಳಿವಿಲ್ಲ. ಮೂರನೆಯ ದಿನ
ಏನೂ ಆಗದವಳ ಹಾಗೆ ಬಂದು,
ಹಲಗೆಯತ್ತ ನೋಡದೆ,
"ಹಿಮ್ಮಡಿ ಗಟ್ಟಿ ಹೊಡಿ, ಇನ್ನೂ ದಾರಿ ಇದೆ" ಅಂದಳು.

ಏಪ್ರಿಲ್‌ನಲ್ಲಿ ಬಸ್ಸು ಹತ್ತಿದರು,
ಐದು ಪೆನ್ನಿಯ ಚೀಟಿ ನಾಲ್ಕಕ್ಕೆ.
ಗೆದ್ದೆವಾ ತಾತ, ಎಂದು ಕೇಳುತ್ತಾರೆ ಹುಡುಗರು.
ಪೆನ್ನಿ ಗೆದ್ದೆವು, ಮಕ್ಕಳೇ.
ಆ ಒಂಬತ್ತು ಮೈಲಿ ಹಾಗೇ ಇದೆ.
ಅದು ನಾವು ಅಳೆದಿಟ್ಟದ್ದಲ್ಲ,
ಯಾರು ಎಲ್ಲಿ ಮಲಗಬೇಕೆಂದು
ಕಾಗದದ ಮೇಲೆ ಯಾರೋ ಅಳೆದದ್ದು.

ರಾತ್ರಿ ಕಾವಲಿನ ಮೊಖೇಲೆಯ ಬೂಟು
ಇನ್ನೂ ನನ್ನ ಅಟ್ಟದ ಮೇಲಿದೆ.
ಫೆಬ್ರುವರಿಯಲ್ಲಿ ಕೊಟ್ಟಿದ್ದ, ಶನಿವಾರ ಒಯ್ಯುವೆನೆಂದ.
ಮಗನ ಕ್ಯಾನ್ವಾಸು ಮೆಟ್ಟಿ ಹೊರಟವನನ್ನು
ಸೇತುವೆಯ ಹತ್ತಿರ ಪಾಸು ಕೇಳಿದರಂತೆ.
ದೂರದ ಆಲೂಗಡ್ಡೆ ಹೊಲದಲ್ಲಿ ಕಂಡೆ ಎಂದು ಒಬ್ಬ,
ಅವನಲ್ಲ ಅದು ಎಂದು ಇನ್ನೊಬ್ಬ.

ಹೊಸ ಅಟ್ಟೆ, ಹನ್ನೊಂದು ಮೊಳೆ,
ಮೇಣ ತಿಕ್ಕಿದ ದಾರ, ಒಂದು ಹೆಜ್ಜೆಯೂ ಸವೆದಿಲ್ಲ.
ಎರಡೂ ಸಮ ಇರುವ ಜೋಡು
ಈ ಬೀದಿಯಲ್ಲಿ ಇದೊಂದೇ.

ಬೂಷ್ಟು ಹಿಡಿಯದಂತೆ ವಾರಕ್ಕೊಮ್ಮೆ ಎಣ್ಣೆ ಹಚ್ಚುತ್ತೇನೆ.
ಬಂದರೆ,
ಹಳೇ ದರವೇ.