ತಲೆಕಟ್ಟಿನ ಮೇಲೊಂದು ಬಾಣ

ಚೌಬಾರದಿಂದ ನೌಬಾದಿಗೆ ದಿನಾ ಅದೇ ಆಟೋ.
ಮಡಿಲಲ್ಲಿ ತೆರೆದಿಟ್ಟ ನನ್ನ ಪಾಠದ ಟಿಪ್ಪಣಿ
ಕನ್ನಡಿಯಲ್ಲಿ ಕಂಡು ಖಾಜಾ ಪಟೇಲರು ಕೇಳಿದರು:
"ಅಕ್ಷರಕ್ಕ ತಲಿಕಟ್ಟು ಇರ್ತದ, ಗೊತ್ತು.
ಅದರ ಮ್ಯಾಲ ಮತ್ತ ಬಾಣ ಯಾಕ್ರೀ ಮೇಡಂ?"

ಸದಿಶ, ಅಂದೆ. ಎಷ್ಟು ಅಂದರೆ ಮುಗಿಯದು,
ಎತ್ತ ಅಂತಲೂ ಹೇಳಬೇಕು.
ನಿಮ್ಮ ಮೀಟರು ನೋಡಿ: ಆರು ಕಿಲೋಮೀಟರು.
ಕೋಟೆಗೆ ಹೋದೆವೋ ಗುಂಪಾಕ್ಕೋ
ಅದಕ್ಕೇನು ಗೊತ್ತು? ಅದು ಅದಿಶ.
ಇವತ್ತಿನ ನಲವತ್ತೆರಡು ಡಿಗ್ರಿಯೂ ಅಷ್ಟೇ,
ಎತ್ತ ಮುಖ ಮಾಡಿ ಕೂತರೂ ನಲವತ್ತೆರಡು.
ಗಾಳಿ ಹಾಗಲ್ಲ;
ಎದುರಿಂದ ಬಂದರೆ ನಿಮ್ಮ ಪೆಟ್ರೋಲು ತಿನ್ನುತ್ತದೆ,
ಬೆನ್ನಿಗೆ ಬಂದರೆ ಉಳಿಸುತ್ತದೆ.

"ಮೂರು, ನಾಕು ಕೂಡಿದ್ರ ಏಳಲ್ಲೇನ್ರೀ ಮತ್ತ?"
ತೊಗರಿ ತೂಗುವಲ್ಲಿ ಏಳು.
ಮೂರು ಹರದಾರಿ ಮೂಡಲಕ್ಕೆ, ನಾಲ್ಕು ಬಡಗಲಿಗೆ ನಡೆದವನು
ಹೊರಟಲ್ಲಿಂದ ಐದೇ ಹರದಾರಿ ಆಚೆ.
ಮೂರು ಹೋಗಿ, ಬಂದ ದಾರಿಯಲ್ಲೇ ನಾಲ್ಕು ಹಿಂದಿರುಗಿದರೆ
ಒಂದೇ.
ಅವರು ಹಾರ್ನ್ ಒತ್ತಿದರು. ಎಮ್ಮೆ ಅಡ್ಡ ನಿಂತಿತ್ತು.

ಕರೇಜಿನ ಹತ್ತಿರ ಗಾಡಿ ನಿಧಾನಿಸಿ,
"ಹಂಗಿದ್ರ ಈ ನೆಲದಾಗಿನ ನೀರು? ಒಂದೇ ಕಡಿಗೆ ಹರೀತದ.
ಅದಕ್ಕೂ ಬಾಣ ಹಾಕ್ರಿ."
ಹಾಕಬಹುದು. ಆದರೂ ಕೊಡದ ಲೆಕ್ಕ ಸದಿಶವಲ್ಲ.
ಎರಡು ಸುರಂಗ ಯಾವ ಕೋನದಲ್ಲಾದರೂ ಕೂಡಲಿ,
ಇದರಿಂದ ಮೂರು ಕೊಡ, ಅದರಿಂದ ನಾಲ್ಕು,
ಮುಂದಕ್ಕೆ ಹರಿಯುವುದು ಏಳೇ ಕೊಡ.
ದಿಕ್ಕಿದ್ದರೆ ಸಾಲದು ಪಟೇಲರೇ,
ಕೂಡುವಾಗ ಆ ದಿಕ್ಕು ಲೆಕ್ಕಕ್ಕೆ ಬರಬೇಕು.

ಸುಮ್ಮನಾದರು.
ಕಾಲೇಜಿನ ಗೇಟು ಕಾಣುವಾಗ, ತಿರುಗಿ ನೋಡದೆ:
"ನಮ್ಮಪ್ಪ ತೀರಿಕೊಂಡಾಗ ಓಣ್ಯಾಗ ಅಂದ್ರು,
ಪಾಪ, ದಿಕ್ಕಿಲ್ಲದ ಪೋರ.
ಎಂಟು ವರ್ಷ ನನಗ. ಕಿಸೇದಾಗ ಎಂಟಾಣೆ.
ಅವತ್ತು ನಾ ಅದಿಶ ಇದ್ದೆನೇನ್ರೀ?"

ಬೆಲ್ಲಾಯಿತು. ಹಲಗೆಯ ಮೇಲೆ ಬಾಣ ಎಳೆಯುತ್ತ
ಸುಣ್ಣದ ಕಡ್ಡಿ ಎರಡು ಸಲ ಮುರಿಯಿತು.

ಸಂಜೆ ಮತ್ತೆ ಚೌಬಾರ.
ಪಟೇಲರ ದಿನ: ತೊಂಬತ್ತೇಳು ಕಿಲೋಮೀಟರು.
ಸ್ಥಾನಪಲ್ಲಟ: ಸೊನ್ನೆ.
ಸೊನ್ನೆಗೂ ಬಾಣ ಹಾಕುತ್ತೇವೆ, ಅಂದೆ ಚಿಲ್ಲರೆ ಎಣಿಸುತ್ತ,
ಅದಕ್ಕೆ ಉದ್ದವಿಲ್ಲ, ಇಂಥದೇ ದಿಕ್ಕು ಅಂತಿಲ್ಲ.
"ಅಂದ್ರ, ದಿಕ್ಕಿಲ್ಲ."
ಯಾವುದಾದರೂ ಆಗಬಹುದು, ಅಂತ.

ಎರಡು ರೂಪಾಯಿ ಹೆಚ್ಚೇ ವಾಪಸು ಕೊಟ್ಟು
ಗೋಪುರಕ್ಕೊಂದು ಸುತ್ತು ಹಾಕಿದರು,
ನಾಲ್ಕೂ ಬೀದಿಗೆ ಕೇಳುವಂತೆ ಕೂಗುತ್ತ:
"ಚಿದ್ರಿ! ಚಿದ್ರಿ! ಚಿದ್ರಿ!"