ಎರಡೂವರೆ ಸಾವಿರ ಓಮ್

ತಣ್ಣಗಿದ್ದಾಗ ಒಂದೇ ತಿರುವಿಗೆ ಹತ್ತಿಕೊಳ್ಳುತ್ತದೆ.
ಹನ್ನೊಂದು ಕಿಲೋಮೀಟರು, ಸೇತುವೆ ದಾಟಿ
ಕಾಗದದ ಕಾರ್ಖಾನೆಯ ವಾಸನೆ ಮೂಗಿಗೆ ಬಡಿಯುವ ತಿರುವಿನಲ್ಲಿ
ಕೆಮ್ಮುತ್ತದೆ, ಕರಿಹೊಗೆ ಕಾರುತ್ತದೆ, ಸಾಯುತ್ತದೆ.
ಅರ್ಧ ಗಂಟೆ ಬಿಟ್ಟರೆ
ಏನೂ ಆಗಿಲ್ಲದವರ ಹಾಗೆ ಮತ್ತೆ ಎದ್ದು ಕೂರುತ್ತದೆ.

ಎಪ್ಪತ್ತೆರಡನೇ ಇಸವಿಯ ವೋಲ್ವೊ, ಹಿಂಬಾಗಿಲು ಇಡಿಯಾಗಿ ಗಾಜು;
ಈ ದೇಶದಲ್ಲಿ ಅದಕ್ಕೆ ಮೀನಿನ ಗಾಡಿ ಎಂದು ಅಡ್ಡಹೆಸರು.
ಒಡೆಯ ಟೂರ್‌ಗ್ನಿ, ಹೆರ್ನೋಸಾಂಡ್ ಬಂದರಿನಲ್ಲಿ ಪೈಲಟ್ ದೋಣಿ ನಡೆಸುವವ,
"ಇನ್ನೊಂದು ಸಲ ನಿಂತರೆ ಈ ಕರೆಂಟಿನ ಕರುಳನ್ನೆಲ್ಲ ಕಿತ್ತು
ಎರಡು ಕಾರ್ಬುರೇಟರ್ ಕೂರಿಸಿಬಿಡು"
ಎಂದು ಕೀಲಿ ಎಸೆದು ಹೋದ.
ಮುಂಚೆ ಮೂವರು ಮೆಕ್ಯಾನಿಕ್‌ಗಳು ಅದನ್ನೇ ಹೇಳಿದ್ದರು,
ಬಿಲ್ಲು ಮಾತ್ರ ಬೇರೆ ಬೇರೆ.

ಗುನ್ನೆಲ್ ಕಿವಿಗೆ ಹಾಕಿಕೊಳ್ಳಲಿಲ್ಲ.
ಅರವತ್ತೆಂಟು ಅವಳಿಗೆ. ಇಪ್ಪತ್ತು ವರ್ಷ ಕಾಡಿನಲ್ಲಿ ಮೋಟಾರು ಗರಗಸ,
ಆಮೇಲೆ ಈ ಗ್ಯಾರೇಜು.
ನಾನು ಅವಳ ಕೈಕೆಳಗೆ ಏಳನೇ ತಿಂಗಳು, ದೀಪ ಹಿಡಿಯುವ ಕೆಲಸ.

"ಕೀ ತಿರುಗಿಸು, ಸ್ಟಾರ್ಟ್ ಮಾಡಬೇಡ. ಕಿವಿ ಕೊಡು."
ಹಿಂದೆಲ್ಲೋ ಪಂಪು ಗುಂಯ್‌ಗುಟ್ಟಿ ಸುಮ್ಮನಾಯಿತು.
"ಅದು ಸರಿ."
ಒತ್ತಡ ಎರಡು ಬಾರ್. ಅದೂ ಸರಿ.
ಡಿಸ್ಟ್ರಿಬ್ಯೂಟರಿನ ತಳದ ಎಳ್ಳುಕಾಳಿನಷ್ಟು ಕಾಂಟ್ಯಾಕ್ಟುಗಳನ್ನು
ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಒರೆಸಿದಳು.
ಗಾಳಿಯೊತ್ತಡ ಅಳೆಯುವ ಡಬ್ಬಿಯ ಕೊಳವೆಗೆ ಬಾಯಿ ಹಚ್ಚಿ
ಉಸಿರೆಳೆದು, ನಾಲಗೆಯಿಂದ ಮುಚ್ಚಿ, ಕೂತಳು.
ಜಿಗಣೆಯ ಹಾಗೆ ನಾಲಗೆ ಕಚ್ಚಿಕೊಂಡಿತ್ತು ಕೊಳವೆ,
ನಿಮಿಷವಾದರೂ ಬಿಡಲಿಲ್ಲ.
ಒಳಗಿನ ಪೊರೆ ಹರಿದಿಲ್ಲ, ಸದ್ಯ;
ಹರಿದಿದ್ದರೆ ಹೊಸದಕ್ಕೆ ನನ್ನ ಎರಡು ತಿಂಗಳ ಸಂಬಳ.

ಉಳಿದದ್ದು ಎಂಜಿನ್ನಿನ ಬಿಸಿ ಹೇಳುವ ಪುಟ್ಟ ಹಿತ್ತಾಳೆ ಸೆನ್ಸರು.
ಮೀಟರಿನ ಮುಳ್ಳು: ಎರಡೂವರೆ ಸಾವಿರ ಓಮ್.
ಕೈಪಿಡಿಯಲ್ಲೂ ಅಷ್ಟೇ.
ಬಾನೆಟ್ ಮುಚ್ಚಿಬಿಡೋಣ ಎಂದೆ.
"ತಣ್ಣಗಿರುವಾಗ ಯಾರು ತಾನೇ ಸುಳ್ಳು ಹೇಳುತ್ತಾರೆ?"
ಎಂದವಳೇ ಮೀಟರನ್ನು ವೋಲ್ಟಿಗೆ ತಿರುಗಿಸಿ
ತಗಡಿನ ಪೆಟ್ಟಿಗೆಯ ತುದಿಯಲ್ಲಿ ಸೂಜಿ ಚುಚ್ಚಿ
ಎಂಜಿನ್ ಹಚ್ಚಿಸಿ, ಕಾಫಿ ಬಗ್ಗಿಸಿಕೊಂಡಳು.

ಮುಳ್ಳು ಇಳಿಯಿತು. ಇಳಿಯಿತು.
ಮಳೆ ಬಂದು ನಿಂತಿತು. ಮುಳ್ಳು ಇಳಿಯುತ್ತಲೇ ಇತ್ತು.
ಹದಿನೆಂಟನೇ ನಿಮಿಷಕ್ಕೆ
ಚೇಳು ಕುಟುಕಿದಂತೆ ಮೇಲಕ್ಕೆ ನೆಗೆಯಿತು.
ಕೆಮ್ಮು. ಕರಿಹೊಗೆ.

ರಬ್ಬರಿನ ಟೋಪಿ ಸರಿಸಿ ಸೀಳಿದರೆ
ಹೊರಗೆ ಇಡಿಯಾದ ತಂತಿ, ಒಳಗೆ ತುಂಡಾದ ತಾಮ್ರ.
ತಣ್ಣಗಿದ್ದಾಗ ತುದಿಗೆ ತುದಿ ಒರಗಿಕೊಂಡು
ಬಿಸಿಯೇರಿದರೆ ಕೂದಲೆಳೆಯಷ್ಟು ದೂರ ಸರಿದು;
ಆಗ ಪೆಟ್ಟಿಗೆಗೆ ಮುಟ್ಟುವ ಸುದ್ದಿ ಒಂದೇ:
ಚಳಿ, ಕಿರುನಾದ ಜನವರಿಯಲ್ಲೂ ಇಲ್ಲದ ಚಳಿ.
ಎತ್ತು ಈಯಿತೆಂದರೆ ಕರು ಕಟ್ಟಲು ಹಗ್ಗ ತರುವ ಪೆಟ್ಟಿಗೆ ಅದು.
ಮೊದಲ ತಲೆಮಾರಿನ ಬುದ್ಧಿ, ಅದಕ್ಕೆ ಯಾರೂ
ಅನುಮಾನಪಡಲು ಕಲಿಸಿರಲಿಲ್ಲ.
ಕುದಿಯುತ್ತಿರುವ ಎಂಜಿನ್ನಿಗೆ ಕಂಬಳಿಯ ಮೇಲೆ ಕಂಬಳಿ ಹೊದಿಸಿದ ಹಾಗೆ
ಪೆಟ್ರೋಲು ಸುರಿಯುತ್ತದೆ, ಅಕ್ಕರೆಯಿಂದ, ಮುಳುಗುವವರೆಗೆ.

ಬೆಸುಗೆ ನಾನೇ ಹಾಕಿದೆ.
ಅಷ್ಟು ಸಣ್ಣ ತಂತಿ ಅವಳ ಕೈಗೆ ಸಿಗುವುದಿಲ್ಲ.
ಗರಗಸದ ನಡುಕ ನರಗಳನ್ನು ತಿಂದು ಬೆರಳ ತುದಿಗಳು
ಸುಣ್ಣದ ಬಿಳಿ; ಸುಡುವ ಲೋಟವನ್ನೂ
ಮಂಜುಗಡ್ಡೆ ಎಂದು ವರದಿ ಮಾಡುತ್ತವಂತೆ.
"ಇವುಗಳ ಮಾತು ನಾನು ನಂಬುವುದು ಬಿಟ್ಟಿದ್ದೇನೆ,
ಕೆನ್ನೆಗೆ ಒತ್ತಿ ನೋಡುತ್ತೇನೆ."
ನೋಡಿದಳು. ಕಾಫಿ ಆರಿತ್ತು.

ಬಿಲ್ಲಿನಲ್ಲಿ ಬರೆದದ್ದು: ತಂತಿ, ನಾಲ್ಕು ಸೆಂಟಿಮೀಟರು.

ಸಂಜೆ ಪರೀಕ್ಷೆಗೆ ಹೊರಟೆವು. ಸೇತುವೆ ದಾಟಿತು.
ತಿರುವಿನಲ್ಲಿ ಇಬ್ಬರೂ ಮಾತಾಡಲಿಲ್ಲ.
ಕಾರ್ಖಾನೆಯ ವಾಸನೆ ಬಂತು,
ಹಿಂದೆ ಉಳಿಯಿತು.