ಶಾಲೆಯಂಗಳದಲ್ಲಿ ಊರು

ಕುಮಟೆಯಿಂದ ಬಂದ ಮೇಡಂ ಹೇಳಿದರು:
ನಿಮ್ಮ ಕುರ್ವೆಯನ್ನು ನೀವೇ ಬರೆಯಿರಿ.
ಕಾಗದ ತಂದಿದ್ದರು, ಬಣ್ಣದ ಪೆನ್ನೂ.
ನಾವು ಹನ್ನೊಂದು ಹೆಂಗಸರು, ಸೆರಗಿಗೆ ಇನ್ನೂ ಕೆಸರಿನ ವಾಸನೆ,
ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.
ಪೆನ್ನು ಹಿಡಿದರೆ ಬೆರಳು ನಡುಗುತ್ತದೆ,
ಬಳಚು ಹೆಕ್ಕುವಾಗ ಇಲ್ಲದ ನಡುಕ.

ಬೀರಮ್ಮನ ಮಗಳು ನಿಖಿತಾ
ಮನೆಗೆ ಓಡಿ ರಂಗೋಲಿ ಡಬ್ಬಿ ತಂದಳು.
ಅಘನಾಶಿನಿಯನ್ನು ಒಂದೇ ಎಳೆಯಲ್ಲಿ ಎಳೆದಳು.
"ತಪ್ಪು" ಅಂದಳು ಹೊನ್ನಮ್ಮಜ್ಜಿ.
"ಹೊಳೆ ಒಂದೇ ಎಳೆ ಅಲ್ಲ. ಭರತಿಗೆ ಒಂದು, ಇಳಿತಕ್ಕೆ ಒಂದು.
ಘಟ್ಟದ ಮಳೆಯೂ ಹುಣ್ಣಿಮೆಯ ಭರತಿಯೂ
ಒಂದೇ ರಾತ್ರಿ ಎದುರುಬದುರಾದರೆ ಮೂರನೆಯದು.
ಅದನ್ನು ಇಲ್ಲಿ ಬರಿ,
ನಿನ್ನ ಅಡುಗೆಮನೆ ಮೇಲೆ."

ಆಮೇಲೆ ಯಾರಿಗೂ ಹೇಳಿಕೊಡಬೇಕಾಗಲಿಲ್ಲ.
ಮನೆಗೊಂದು ಬಳಚಿನ ಚಿಪ್ಪು.
ನಡೆಯಲಾಗದವರಿದ್ದರೆ ಚಿಪ್ಪು ಬೋರಲು.
ಗ್ಯಾಸ್ ಸಿಲಿಂಡರ್ ಇರುವಲ್ಲಿ ಒಣಮೆಣಸು.
ಬಸುರಿಯಿದ್ದರೆ ಒಳಗೊಂದು ಕಗ್ಗದ ಕಾಳು;
ಕಾಳು ಇಟ್ಟಾಗಲೇ ಊರಿಗೆ ಗೊತ್ತಾದದ್ದು
ಮಾಸ್ತಿಯ ಸೊಸೆಗೆ ಮೂರು ತಿಂಗಳು.

ಹೊನ್ನಮ್ಮಜ್ಜಿ ತನ್ನ ಚಿಪ್ಪು ಮುಟ್ಟಗೊಡಲಿಲ್ಲ.
"ನಾ ನಡೀತೆ" ಅಂದಳು.
ನಿಖಿತಾ ಬೋರಲು ಮಾಡಿದಳು, ಅಜ್ಜಿ ಅಂಗಾತ ಮಾಡಿದಳು,
ಹೀಗೆ ಮೂರು ಸಲ.
ಕೊನೆಗೆ ಓರೆಯಾಗಿ ಮಣ್ಣಿಗೆ ಸಿಕ್ಕಿಸಿದರು:
ಅರ್ಧ ಅವಳ ಮಾತು, ಅರ್ಧ ಅವಳ ಮೊಣಕಾಲು.

ನನ್ನದನ್ನೂ ಇಟ್ಟೆ.
ಹೋದ ನೆರೆಯಲ್ಲಿ ನಾನು ಉಳಿಸಿದ್ದೇನು ಗೊತ್ತೆ?
ಇಡ್ಲಿ ಅಳಗೆಯ ಮುಚ್ಚಳ. ಅಳಗೆ ಕೂಡ ಅಲ್ಲ.
ರೇಷನ್ ಕಾರ್ಡು, ಮಗನ ಮಾರ್ಕ್ಸ್ ಕಾರ್ಡು, ಕಗ್ಗದ ಬೀಜದ ಮುಡಿ
ಎಲ್ಲ ನೀರಿಗೆ ಬಿಟ್ಟು
ಎದೆಗವಚಿಕೊಂಡು ದೋಣಿ ಹತ್ತಿದ್ದು ಮುಚ್ಚಳ.
ಹೆದರಿದ ಕೈ ಏನು ಹಿಡಿಯುತ್ತದೋ ಕೈಗೇ ಗೊತ್ತಿಲ್ಲ.
ಮೊದಲೇ ಹೇಳಿಡಬೇಕು ಅದಕ್ಕೆ,
ಮಗುವಿಗೆ ಪೇಟೆಯಲ್ಲಿ ಹೇಳಿದ ಹಾಗೆ.

ಅತ್ತ ಹುಡುಗರು ಕರೆಂಟು ಕಂಬಕ್ಕೆ ಕೆಂಪು ಬಳಿಯುತ್ತಿದ್ದರು,
ಇಲ್ಲಿಗೆ ನೀರು ಬಂದರೆ ಹೊರಡುವುದು ಎಂದು,
ಕಂಬಕ್ಕಿಂತ ಹೆಚ್ಚು ಅಂಗಿಗೇ ಬಳಿದುಕೊಂಡು.

ನಿಖಿತಾ ಎಣಿಸಿದಳು: ಅರವತ್ತೊಂದು.
ಪಂಚಾಯ್ತಿ ಪಟ್ಟಿಯಲ್ಲೂ ಅರವತ್ತೊಂದು.
ಮೇಡಂ ಟಿಕ್ ಹಾಕಿದರು. ಚಹಾ ಬಂತು.

ಆಗ ಐದನೇ ಈಯತ್ತೆಯ ಪೋರನೊಬ್ಬ ಬೇಲಿಯಾಚೆಯಿಂದ:
"ಸಿಗಡಿ ಹೊಂಡದ ಭಯ್ಯಾನದ್ದು?"

ಅದೆಂತಾ ಮನೆ, ನಾಲ್ಕು ತಗಡು, ಗಜನಿ ಕಟ್ಟೆಯ ತುದಿಯಲ್ಲಿ.
ಎರಡು ವರ್ಷದಿಂದ ಬಳಚು ಕೊಳ್ಳುತ್ತಾನೆ,
ದೀದಿ ಅನ್ನುತ್ತಾನೆ, ಚಿಲ್ಲರೆ ಕೇಳುವುದಿಲ್ಲ.
ಹೆಸರು?
ಹನ್ನೊಂದು ಜನವೂ ಚಹಾ ಕುಡಿದೆವು.

ಕಟ್ಟೆಯುದ್ದ ನಡೆದು ಕೇಳಿಕೊಂಡು ಬಂದಳು ನಿಖಿತಾ:
ಸುದಾಮ. ಒಡಿಶಾ ಕಡೆಯವನು.
ಹಗಲೂ ರಾತ್ರಿ ನೀರು ಕಾಯುತ್ತಾನೆ, ಈಜು ಬಾರದು.
ಹೋದ ನೆರೆಗೆ ತೂಬಿನ ಕಂಬಕ್ಕೆ
ಲುಂಗಿಯಿಂದ ತನ್ನನ್ನೇ ಕಟ್ಟಿಕೊಂಡು ನಿಂತಿದ್ದ,
ಬೆಳಗಿನ ತನಕ.
ಆ ರಾತ್ರಿ ನಮ್ಮ ದೋಣಿ ಆ ಕಂಬದ ಪಕ್ಕದಲ್ಲೇ ಹೋದದ್ದು.

ಚಿಪ್ಪು ಮುಗಿದಿತ್ತು.
ಮಾರಲಿಟ್ಟ ಬುಟ್ಟಿಯಿಂದ ಬೀರಮ್ಮ
ಜೀವದ ಬಳಚೊಂದನ್ನೇ ತೆಗೆದು ಕಟ್ಟೆಯ ತುದಿಗಿಟ್ಟಳು.
ಅದು ಬಾಯಿ ಬಿಡಲಿಲ್ಲ.

ಸಂಜೆ ಮಳೆ ಬಂದು ರಂಗೋಲಿ ಹೋಯಿತು.
ಬಳಚನ್ನು ಕಾಗೆ ಒಯ್ದಿರಬೇಕು.
ನಿಖಿತಾಳ ಪಟ್ಟಿಯಲ್ಲಿ ಮಾತ್ರ ಅರವತ್ತೆರಡು,
ಅದರೆದುರು ನನ್ನ ಹೆಸರು:
ಕಟ್ಟೆಗೆ ಹತ್ತಿರದವಳು ನಾನೇ.

ಬಾಗಿಲ ಮೊಳೆಗೆ ಮುಚ್ಚಳ ತೂಗಿಹಾಕಿದ್ದೇನೆ, ಪಕ್ಕದಲ್ಲಿ ಸೌಟು.
ಮೊನ್ನೆ ಮಧ್ಯಾಹ್ನ ಕೇಳುತ್ತದೋ ಇಲ್ಲವೋ ನೋಡೋಣವೆಂದು
ಮೂರು ಸಲ ಬಾರಿಸಿದೆ.
ಊಟಕ್ಕೆ ಕರೆದರೆಂದುಕೊಂಡು ಬಂದೇಬಿಟ್ಟ,
ಕೈಕಾಲು ತೊಳೆದು, ತಲೆ ಬಾಚಿ.

ಬಂದವನನ್ನು ಹೇಗೆ ಕಳಿಸುವುದು?
ಕಗ್ಗದ ಗಂಜಿ ಬಡಿಸಿದೆ, ಬಳಚಿನ ಸುಕ್ಕ.
ಉಣ್ಣುತ್ತಾ ಅವನು ಹೊಳೆ ನೋಡುತ್ತಿದ್ದ,
ನಾನು ಘಟ್ಟದ ಕಡೆ.